ಈಚಲು ಮರದ ಕೆಳಗೆ ಕೂರುವವರಿಗೆ: ಜನ ಆಡಿಕೊಳ್ಳುವ ಕೆಲಸದವರ ಸ್ನೇಹ ನಿಭಾಯಿಸುವುದು ಹೇಗೆ

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅಂತಲೇ ಹೇಳುತ್ತಾರೆ. ಈ ಗಾದೆ ಹೇಳಿಕೊಟ್ಟ ಹಿರಿಯರೆಲ್ಲ ಅದರಿಂದ ತೆಗೆದ ಬುದ್ಧಿವಾದ ಒಂದೇ, ಆ ಮರದ ಹತ್ತಿರ ಸುಳಿಯಬೇಡ. ಆದರೆ ಆ ಮರದ ಕೆಳಗೆ ನಿಮ್ಮ ಜೊತೆ ಹತ್ತನೇ ಕ್ಲಾಸ್ ತನಕ ಒಂದೇ ಬೆಂಚಿನಲ್ಲಿ ಕೂತವಳು ಇದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಅವಳು ಈಗ ಬೆಂಗಳೂರಿನ ಒಂದು ಲೈವ್ ಬ್ಯಾಂಡ್‌ನಲ್ಲಿ ಹಾಡುತ್ತಾಳೆ. ಅಥವಾ ಬಾರ್‌ನಲ್ಲಿ ಸಪ್ಲೈ ಮಾಡುತ್ತಾಳೆ. ಅಥವಾ ದಂಧೆಯಲ್ಲಿದ್ದಾಳೆ. ಇಲ್ಲವೇ ನಿಮ್ಮ ಗೆಳೆಯ ಆಸ್ಪತ್ರೆಯ ಶವಾಗಾರದಲ್ಲಿ ಕೆಲಸಕ್ಕಿದ್ದಾನೆ, ಮ್ಯಾನ್‌ಹೋಲ್ ಕ್ಲೀನ್ ಮಾಡುವ ಗಾಡಿಯಲ್ಲಿ ಹೋಗುತ್ತಾನೆ.

ಸ್ನೇಹ ಬೇಕೋ ಬೇಡವೋ ಅಂತ ಇನ್ನೂ ಯೋಚಿಸುತ್ತಿರುವವರಿಗೆ ಇದನ್ನು ಬರೆದಿಲ್ಲ. ಬೇಕು ಅಂತ ತೀರ್ಮಾನ ಮಾಡಿಯೂ ಒಳಗೊಳಗೇ ಅಳುಕುತ್ತಿರುವವರಿಗೆ ಬರೆದಿದ್ದೇನೆ. ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಸ್ನೇಹದಿಂದ ನಿಮ್ಮ ಹೆಸರಿಗೆ ಬೀಳುವ ಪೆಟ್ಟಿಗಿಂತ ನಿಮ್ಮ ಬಾಯಿಂದ ಅವರಿಗೆ ಬೀಳಬಹುದಾದ ಪೆಟ್ಟು ದೊಡ್ಡದು. ನಿಮ್ಮ ಬಗ್ಗೆ ನಾಲ್ಕು ಜನ ನಾಲ್ಕು ದಿನ ಮಾತಾಡುತ್ತಾರೆ. ಅವರ ಕೆಲಸದ ಸುದ್ದಿ ಬೇಡದ ಕಿವಿಗೆ ಬಿದ್ದರೆ ಬಾಡಿಗೆ ಮನೆ ಖಾಲಿ, ಮಕ್ಕಳ ಸ್ಕೂಲ್ ಬದಲು, ಊರಿಗೆ ಹೋಗುವ ದಾರಿ ಬಂದ್. ಹಾಗಾಗಿ ಕೆಳಗಿನ ಸಲಹೆಗಳಲ್ಲಿ ಅರ್ಧ ನಿಮ್ಮನ್ನು ಕಾಯುವುದಕ್ಕೆ, ಇನ್ನರ್ಧ ನಿಮ್ಮಿಂದ ಅವರನ್ನು ಕಾಯುವುದಕ್ಕೆ.

ಭಯ ಯಾರದ್ದು ಅಂತ ಮೊದಲು ನೋಡಿ

"ಜನ ಏನಂತಾರೆ" ಅಂತ ಚಿಂತೆ ಮಾಡುವಾಗ ಆ ಜನ ಯಾರು ಅಂತ ಹೆಸರು ಹಿಡಿದು ಯೋಚಿಸಿ. ಕೆಲವರು ಬರೀ ಮಾತಾಡುವವರು: ದೊಡ್ಡಮ್ಮ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್, ಮದುವೆ ಮನೆಯಲ್ಲಿ ಮಾತ್ರ ಸಿಗುವ ಸಂಬಂಧಿಕರು. ಇವರ ಮಾತಿಗೆ ಬೇಜಾರಾಗಬಹುದು, ಆದರೆ ಅದರಿಂದ ನಿಮ್ಮ ಬದುಕಿನಲ್ಲಿ ಏನೂ ಅಲುಗಾಡುವುದಿಲ್ಲ. ಇನ್ನು ಕೆಲವರ ಕೈಯಲ್ಲಿ ನಿಮ್ಮ ಜುಟ್ಟು ಇರುತ್ತದೆ. ಮನೆ ಓನರ್, ಪಿಜಿ ಆಂಟಿ, ನಿಮ್ಮ ಹುಡುಗನ ಕಡೆಯವರು, ಕೆಲವು ಕೆಲಸಗಳಲ್ಲಿ ಮೇಲಧಿಕಾರಿ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೆದರುತ್ತಾ ಕೂತರೆ ಸುಮ್ನೆ ಸುಸ್ತು. ನಿಜವಾದ ಎಚ್ಚರಿಕೆ ಬೇಕಾಗುವುದು ಈ ಎರಡನೇ ಗುಂಪಿನವರ ಮುಂದೆ ಮಾತ್ರ.

ಖಾಸಗಿ ಕಂಪನಿಯವರಿಗೆ ಈ ವಿಷಯದಲ್ಲಿ ಆಫೀಸಿನ ಭಯ ಜಾಸ್ತಿ ಇರುತ್ತದೆ, ಆದರೆ ಇರಬೇಕಾದ ಕಡೆ ಅಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ನೋಡುವುದು ನಿಮ್ಮ ಮಾರ್ಕ್ಸ್ ಕಾರ್ಡ್, ಹಳೇ ಕಂಪನಿಯ ಪತ್ರ, ವಿಳಾಸ, ಪೊಲೀಸ್ ಕೇಸ್ ಇದೆಯಾ ಅನ್ನೋದು. ಭಾನುವಾರ ಯಾರ ಜೊತೆ ದೋಸೆ ತಿಂದಿರಿ ಅಂತ ಅಲ್ಲ. ಅಪಾಯ ಇರುವುದು ಲಂಚ್ ಟೇಬಲ್‌ನಲ್ಲಿ. ಒಬ್ಬ ಸಹೋದ್ಯೋಗಿಗೆ "ನನ್ನ ಫ್ರೆಂಡ್ ಹಿಂಗೆ ಅಂತೆ" ಅಂತ ಕುತೂಹಲದ ಕಥೆಯ ಥರ ಹೇಳುತ್ತೀರಿ, ಮೂರನೇ ದಿನ ಅದು ನಿಮ್ಮ ಬಗ್ಗೆಯ ಕಥೆಯಾಗಿ ವಾಪಸ್ ಬರುತ್ತದೆ.

ಸರ್ಕಾರಿ ನೌಕರರ ವಿಷಯ ಸ್ವಲ್ಪ ಬೇರೆ. ಸ್ನೇಹ ಇಟ್ಟುಕೊಳ್ಳುವುದು ತಪ್ಪು ಅಂತ ಯಾವ ನಿಯಮವೂ ಹೇಳುವುದಿಲ್ಲ. ಆದರೆ ನಡತೆ ನಿಯಮಗಳಲ್ಲಿ "ಸರ್ಕಾರಿ ನೌಕರನಿಗೆ ತಕ್ಕದ್ದಲ್ಲದ ನಡವಳಿಕೆ" ಅನ್ನುವ ಅಳತೆಯಿಲ್ಲದ ಮಾತು ಇದೆ, ನಮ್ಮ ಆಫೀಸುಗಳಲ್ಲಿ ಮೂಗರ್ಜಿ ಬರೆಯುವವರಿಗೂ ಬರವಿಲ್ಲ. ಪ್ರಮೋಷನ್ ಹತ್ತಿರ ಬಂದಾಗಲೇ ಮೂಗರ್ಜಿ ಬರುವುದು, ಗಮನಿಸಿದ್ದೀರಾ? ಅದಕ್ಕೆ ತಡೆ ಅಂದರೆ ಸ್ನೇಹ ಬಿಡುವುದಲ್ಲ, ಹಣದ ವ್ಯವಹಾರ ಇಟ್ಟುಕೊಳ್ಳದಿರುವುದು. ಬರೀ ಸ್ನೇಹದ ಮೇಲೆ ಬಂದ ಮೂಗರ್ಜಿಯಲ್ಲಿ ತನಿಖೆ ಮಾಡಲು ಏನೂ ಇರುವುದಿಲ್ಲ. ಕೈಸಾಲ, ಚೀಟಿ, ಅಕೌಂಟ್ ಟ್ರಾನ್ಸ್‌ಫರ್ ಇದ್ದರೆ ಉತ್ತರ ಕೊಡಬೇಕಾಗುತ್ತದೆ.

ಜಾತಿ ಅಂಟಿಸಿದ ಕಳಂಕ

ಪೌರಕಾರ್ಮಿಕರು, ಯುಜಿಡಿ (ಒಳಚರಂಡಿ) ಕೆಲಸದವರು, ಸ್ಮಶಾನ ಕಾಯುವವರು, ಶವಾಗಾರದವರು. ಇವರ ಸ್ನೇಹದಿಂದ ನಿಮಗೆ ಕಾನೂನಿನ ಅಪಾಯ ಸೊನ್ನೆ, ಕೆಲಸದ ಅಪಾಯ ಸೊನ್ನೆ. ಉಳಿದಿದ್ದು ಜಾತಿ ಮಾತ್ರ. ಅದಕ್ಕೆ "ರೆಪ್ಯುಟೇಶನ್" ಅಂತ ಸೂಟು ಬೂಟು ಹಾಕಬೇಡಿ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿ ನಿಲ್ಲಿಸಲು ಆದೇಶ ಮಾಡಿದರು. ಅರ್ಧ ಶತಮಾನ ಆಯಿತು. ಇವತ್ತಿಗೂ ಕಸ ತೆಗೆದುಕೊಂಡು ಹೋಗುವ ಅಕ್ಕನಿಗೆ ನೀರು ಕೊಡಲು ಬೇರೆ ಲೋಟ ಇಡುವ ಮನೆಗಳು ಅದೇ ಬೆಂಗಳೂರಿನಲ್ಲಿವೆ.

ನಿಮ್ಮ ಮನೆಯಲ್ಲೇ ಆ ಬೇರೆ ಲೋಟ ಇದ್ದರೆ ಗೆಳೆಯನನ್ನು ಮನೆಗೆ ಕರೆಯುವ ಮೊದಲು ಅದನ್ನು ತೆಗೆಸಿ. ಕರೆದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಏನು ಮಾಡುತ್ತಾರೋ ಅಂತ ಇಣುಕುತ್ತಾ ಕೂರುವುದು ಗೆಳೆಯನಿಗೂ ಗೊತ್ತಾಗುತ್ತದೆ. ಮೊದಲೇ ಹೇಳಿಬಿಡಿ: "ಅಮ್ಮ, ಅವನು ಬರ್ತಾನೆ, ನಾವೆಲ್ಲ ಕುಡಿಯೋ ಲೋಟದಲ್ಲೇ ಕಾಫಿ. ಆಗಲ್ಲ ಅಂದ್ರೆ ಹೇಳು, ನಾವು ಹೊರಗೆ ಹೋಗ್ತೀವಿ." ಒಪ್ಪಿಗೆ ಸಿಗದಿದ್ದರೆ ನಿಜವಾಗಿಯೂ ಹೊರಗೇ ಹೋಗಿ. ಗೆಳೆಯನನ್ನು ನಿಮ್ಮ ಮನೆಯವರ ತಿದ್ದುಪಡಿ ಕಾರ್ಯಕ್ರಮಕ್ಕೆ ಬಳಸಿಕೊಳ್ಳುವುದು ಅವನಿಗೆ ಮಾಡುವ ಉಪಕಾರವೇನಲ್ಲ.

ಹಳ್ಳಿಗಳಲ್ಲಿ ವಿಷಯ ಮಾತಿನಲ್ಲೇ ಮುಗಿಯುವುದಿಲ್ಲ. ದಲಿತ ಗೆಳೆಯನನ್ನು ಮನೆಯೊಳಗೆ ಕೂರಿಸಿಕೊಂಡಿದ್ದಕ್ಕೆ ಸ್ವಂತ ಜಾತಿಯವರೇ ದಂಡ ಹಾಕುವುದು, ಹಬ್ಬಕ್ಕೆ ಕರೆಯದಿರುವುದು ಇದೆ. ಇಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಕಲಂ ಕೆಲಸಕ್ಕೆ ಬರುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 7ನೇ ಕಲಮಿನ ಪ್ರಕಾರ, ಅಸ್ಪೃಶ್ಯತೆ ಆಚರಿಸಲು ಒಪ್ಪದ ವ್ಯಕ್ತಿಯನ್ನು ಅದೇ ಕಾರಣಕ್ಕೆ ಅವನ ಸಮುದಾಯದವರು ಬಹಿಷ್ಕಾರ ಹಾಕಿದರೆ ಅದು ಅಪರಾಧ. ಅಂದರೆ ಈ ಕಾಯ್ದೆ ನಿಮ್ಮ ಗೆಳೆಯನನ್ನು ಮಾತ್ರವಲ್ಲ, ಅವನ ಸ್ನೇಹ ಬಿಡದ ನಿಮ್ಮನ್ನೂ ಕಾಯುತ್ತದೆ. ಪಂಚಾಯ್ತಿ ಕಟ್ಟೆಯಲ್ಲಿ ದಂಡದ ಮಾತು ಎತ್ತಿದರೆ "ಇದನ್ನ ಬರೆದು ಸಹಿ ಮಾಡಿ ಕೊಡಿ" ಅಂತ ಕೇಳಿ ನೋಡಿ. ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ.

ಕಾನೂನು ಎಲ್ಲಿ ನಿಜವಾಗಿ ತಾಗುತ್ತದೆ

ಈ ಭಾಗವನ್ನು ನಿಧಾನವಾಗಿ ಓದಿ. ಗೆಳತಿ ಲೈಂಗಿಕ ಕಾರ್ಯಕರ್ತೆಯಾಗಿದ್ದರೆ ಮಾತ್ರ ಇದು ಅನ್ವಯ. ಬಾರ್‌ನಲ್ಲಿ ಸಪ್ಲೈ ಮಾಡುವುದು, ಲೈಸೆನ್ಸ್ ಇರುವ ಜಾಗದಲ್ಲಿ ಹಾಡುವುದು ನೇರವಾದ ಕೆಲಸ. ಬೆಂಗಳೂರಿನ ಲೈವ್ ಬ್ಯಾಂಡ್‌ಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಲೈಸೆನ್ಸ್ ತೆಗೆದುಕೊಳ್ಳಬೇಕಾದ ತಲೆನೋವು ಮಾಲೀಕನದ್ದು, ಹಾಡುವವಳದ್ದಲ್ಲ.

ನಮ್ಮಲ್ಲಿ ಇರುವುದು 1956ರ ಅನೈತಿಕ ಸಾಗಾಟ ತಡೆ ಕಾಯ್ದೆ. ವಯಸ್ಕ ಹೆಣ್ಣು ತನ್ನ ಇಷ್ಟದಿಂದ ಈ ಕೆಲಸ ಮಾಡುವುದನ್ನೇ ಈ ಕಾಯ್ದೆ ಅಪರಾಧ ಅನ್ನುವುದಿಲ್ಲ. ಅಪರಾಧ ಆಗುವುದು ಅದರ ಸುತ್ತಲಿನದು: ಅಡ್ಡೆ ನಡೆಸುವುದು, ಅದಕ್ಕೆ ಗೊತ್ತಿದ್ದೂ ಮನೆ ಕೊಡುವುದು, ಬೀದಿಯಲ್ಲಿ ಗಿರಾಕಿ ಕರೆಯುವುದು, ಶಾಲೆ, ಆಸ್ಪತ್ರೆ, ದೇವಸ್ಥಾನದಂಥ ಜಾಗಗಳಿಂದ 200 ಮೀಟರ್ ಒಳಗೆ ದಂಧೆ ಮಾಡುವುದು, ಬೇರೆಯವರ ದಂಧೆಯ ದುಡ್ಡಿನಲ್ಲಿ ಬದುಕುವುದು. ಕೊನೆಯದ್ದೇ ನಿಮಗೆ ಸಂಬಂಧಪಟ್ಟದ್ದು. 4ನೇ ಕಲಮಿನಲ್ಲಿ ಹೀಗೊಂದು ಮಾತಿದೆ: 18 ವರ್ಷ ದಾಟಿದ ಯಾರೇ ಆಗಲಿ, ಈ ವೃತ್ತಿಯವರ ಜೊತೆ ವಾಸವಾಗಿದ್ದಾರೆ ಅಥವಾ ರೂಢಿಯಂತೆ ಅವರ ಸಹವಾಸದಲ್ಲೇ ಇರುತ್ತಾರೆ ಅಂತ ಸಾಬೀತಾದರೆ, ಅವರ ಸಂಪಾದನೆಯಲ್ಲಿ ಬದುಕುತ್ತಿದ್ದಾರೆ ಅಂತ ಕೋರ್ಟ್ ಎಣಿಸುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ನಿಮ್ಮ ಮೇಲೆ. ಶಿಕ್ಷೆ ಎರಡು ವರ್ಷದ ತನಕ ಇದೆ. (ಸಾಕಿದ ಮಗ, ಒಟ್ಟಿಗಿರುವ ತಮ್ಮ ಎಲ್ಲರೂ ಈ ಬಲೆಯೊಳಗೆ ಬರುತ್ತಾರೆ. ಹೆಣ್ಣನ್ನು ಕಾಯಲು ಬರೆದ ಕಲಮು ಅವಳ ಜೊತೆ ಯಾರೂ ಇರದ ಹಾಗೆ ಮಾಡುತ್ತದೆ ಅನ್ನುವುದು ನನ್ನ ತಕರಾರು. ಇರಲಿ.)

ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ತಿಂಗಳಿಗೊಮ್ಮೆ ಅವಳ ಜೊತೆ ಸಿನಿಮಾಗೆ ಹೋಗುವವರ ಮೇಲೆ ಕೇಸ್ ಹಾಕಲು ಯಾರೂ ಬರುವುದಿಲ್ಲ. ಆದರೆ ಆ ಕಲಂ ಇರುವುದರಿಂದ ನೀವು ದುಡ್ಡಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಅವಳ ಸಂಪಾದನೆ ನಿಮ್ಮ ಅಕೌಂಟಿಗೆ ಬರಬಾರದು. "ನಿನ್ನ ಫೋನ್‌ಪೇ ನಂಬರ್ ಕೊಡ್ತೀನಿ ಕಣೇ, ಆಮೇಲೆ ಕ್ಯಾಶ್ ಕೊಡು" ಅನ್ನುವುದು ಸಹಜವಾಗಿ ಬರುವ ಕೋರಿಕೆ, ಅವಳಿಗೆ ಅದರಲ್ಲಿ ಕೆಟ್ಟ ಉದ್ದೇಶವೂ ಇರುವುದಿಲ್ಲ. ಆದರೆ ಗುರುತಿಲ್ಲದ ಗಂಡಸರಿಂದ ರಾತ್ರಿ ಹೊತ್ತು ಬಂದ ಹಣದ ಸಾಲು ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕೂತರೆ ಅದನ್ನು ವಿವರಿಸಲು ಸ್ನೇಹ ಅನ್ನುವ ಪದ ಸಾಲುವುದಿಲ್ಲ. ಅದರಲ್ಲಿ ಒಬ್ಬ ಕುಡಿದ ಅಮಲಿನಲ್ಲಿ ಕಳಿಸಿ ಬೆಳಿಗ್ಗೆ "ಮೋಸ ಆಯ್ತು" ಅಂತ ಸೈಬರ್ ದೂರು ಕೊಟ್ಟರೆ ನಿಮ್ಮ ಅಕೌಂಟ್ ಫ್ರೀಜ್ ಆಗಬಹುದು, ಸಂಬಳದ ಅಕೌಂಟ್ ಆಗಿದ್ದರೆ ತಿಂಗಳಿಡೀ ಪರದಾಟ. ಅವಳ ಕೆಲಸದ ಜಾಗಕ್ಕೆ ಗಾಡಿಯಲ್ಲಿ ಬಿಟ್ಟು ಪೆಟ್ರೋಲ್ ದುಡ್ಡು ಅಂತ ತೆಗೆದುಕೊಳ್ಳುವುದು, ಗಿರಾಕಿಯ ಫೋನ್ ಎತ್ತಿ "ಅವಳು ಬ್ಯುಸಿ" ಅನ್ನುವುದು, ಇವೂ ಬೇಡ.

ಇಲ್ಲ ಅನ್ನುವುದರ ಜೊತೆ ಇನ್ನೊಂದು ದಾರಿ ತೋರಿಸಿ. ಅವಳ ಹೆಸರಿನಲ್ಲೇ ಜನಧನ್ ಅಕೌಂಟ್ ಮಾಡಿಸಿ, ಬ್ಯಾಂಕಿಗೆ ಜೊತೆಗೆ ಹೋಗಿ. ಊರು ಬಿಟ್ಟು ಬರುವಾಗ ದಾಖಲೆ ಏನೂ ತಂದಿಲ್ಲ, ಆಧಾರ್ ಇಲ್ಲ ಅಂದರೆ ಅದಕ್ಕೂ ದಾರಿ ಇದೆ. ಸುಪ್ರೀಂ ಕೋರ್ಟ್ 2022ರ ಮೇ 19ರಂದು ಕೊಟ್ಟ ಆದೇಶದ ಪ್ರಕಾರ ವಿಳಾಸದ ದಾಖಲೆ ಇಲ್ಲದ ಲೈಂಗಿಕ ಕಾರ್ಯಕರ್ತೆಯರಿಗೆ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರು ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು. ಕಾರ್ಡಿನಲ್ಲಾಗಲಿ ನಂಬರಿನಲ್ಲಾಗಲಿ ಅವರ ಕೆಲಸದ ಗುರುತು ಎಲ್ಲೂ ಇರಬಾರದು. ಇದನ್ನು ಮಾಡಿಸಲು ಒಬ್ಬರೇ ಓಡಾಡುವುದಕ್ಕಿಂತ ಅವರದ್ದೇ ಸಂಘಟನೆಗಳ ಮೂಲಕ ಹೋಗುವುದು ಸುಲಭ. ಮೈಸೂರಿನ ಅಶೋದಯ ಸಮಿತಿ, ಬೆಂಗಳೂರಿನ ಸಾಧನಾ ಮಹಿಳಾ ಸಂಘ ಇಂಥವು, ಈ ಕೆಲಸದಲ್ಲಿರುವವರೇ ಸೇರಿ ನಡೆಸುವಂಥವು.

ಬಾಡಿಗೆ ಮನೆ

ನಿಮ್ಮ ಹೆಸರಲ್ಲಿ ಅಗ್ರಿಮೆಂಟ್ ಮಾಡಿ ಅವಳನ್ನು ಇರಿಸುವುದು ಬೇಡ. ಅವಳು ಬಾರ್‌ನಲ್ಲಿ ಕೆಲಸ ಮಾಡುವವಳಾದರೂ ಬೇಡ. ಜಗಳ ಬಂದರೆ ಅಡ್ವಾನ್ಸ್ ಹೋಗುವುದು ನಿಮ್ಮದು, ಬೀದಿಗೆ ಬೀಳುವವಳು ಅವಳು, ಸ್ನೇಹ ಇಬ್ಬರದ್ದೂ. ಅವಳ ಹೆಸರಲ್ಲೇ ಅಗ್ರಿಮೆಂಟ್ ಮಾಡಿಸಿ, ಬೇಕಿದ್ದರೆ ಸಾಕ್ಷಿ ಸಹಿ ಹಾಕಿ, ಅಡ್ವಾನ್ಸಿಗೆ ಕಡಿಮೆ ಬಿದ್ದದ್ದನ್ನು ಕೈಸಾಲವಾಗಿ ಕೊಡಿ. ವಾಪಸ್ ಬರದಿದ್ದರೂ ತಡೆದುಕೊಳ್ಳುವಷ್ಟು ಮಾತ್ರ.

ಒಟ್ಟಿಗೆ ರೂಮ್ ಮಾಡುವ ಯೋಚನೆ ಇದ್ದರೆ ಮನೆ ನೋಡುವಾಗಲೇ ರಾತ್ರಿಪಾಳಿಯ ಮಾತು ತೆಗೆಯಿರಿ. "ನಮ್ಮಿಬ್ಬರದ್ದೂ ಶಿಫ್ಟ್ ಕೆಲಸ, ಒಬ್ಬರು ಬರೋದು ಬೆಳಗಿನ ಜಾವ ಆಗುತ್ತೆ, ಗೇಟ್ ಕೀ ಬೇಕು." ಇದು ಸುಳ್ಳೂ ಅಲ್ಲ. ಬಾರ್ ಬಂದ್ ಆಗುವುದೇ ಮಧ್ಯರಾತ್ರಿ ದಾಟಿದ ಮೇಲೆ, ಕ್ಲೀನಿಂಗ್ ಮುಗಿಸಿ, ಟಿಪ್ಸ್ ಹಂಚಿಕೊಂಡು, ಕ್ಯಾಬ್ ಹಿಡಿದು ಬರುವಷ್ಟರಲ್ಲಿ ಹಾಲಿನವನು ಎದ್ದಿರುತ್ತಾನೆ. ಅಕ್ಕಪಕ್ಕದವರ ಕಣ್ಣಿಗೆ ಬೀಳುವುದು ಕೆಲಸವಲ್ಲ, ಹೊತ್ತು. ಹೊತ್ತಿಗೆ ಒಂದು ಕಾರಣ ಮೊದಲೇ ಸಿಕ್ಕಿದ್ದರೆ ಅವರ ಕಲ್ಪನೆಗೆ ಕೆಲಸ ಕಡಿಮೆ. ದಂಧೆಯಲ್ಲಿರುವ ಗೆಳತಿಯ ಜೊತೆ ಒಂದೇ ಮನೆ ಮಾಡುವುದಾದರೆ ಮೇಲೆ ಹೇಳಿದ 4ನೇ ಕಲಂ ನೆನಪಿಟ್ಟುಕೊಂಡು, ಮನೆಗೆ ಕೆಲಸ ತರುವುದಿಲ್ಲ ಅನ್ನುವುದನ್ನು ಇಬ್ಬರೂ ಮುಕ್ತವಾಗಿ ಮಾತಾಡಿಕೊಳ್ಳಿ, ಬಾಡಿಗೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಓನರ್ ಅಕೌಂಟಿಗೇ ಹಾಕಿ. ನಿಮ್ಮ ಪಾಲು ನಿಮ್ಮ ಸಂಬಳದಿಂದ ಹೋಗಿದೆ ಅನ್ನುವುದಕ್ಕೆ ಅದೇ ದಾಖಲೆ.

ಗುಟ್ಟು ಸೋರುವುದು ನಿಮ್ಮ ಫೋನಿನಿಂದ

ಅವರ ನಂಬರನ್ನು ಹೇಗೆ ಸೇವ್ ಮಾಡಿದ್ದೀರಿ ನೋಡಿ. "ಕವಿತಾ ಬಾರ್", "ಮಂಜು ಮಾರ್ಚುರಿ" ಅಂತ ಇದ್ದರೆ ಈಗಲೇ ಬದಲಿಸಿ. ಯಾರ ಕಾಲ್ ಬಂತು ಅಂತ ಹೆಸರು ತೋರಿಸುವ ಆಪ್‌ಗಳು ಜನರ ಕಾಂಟ್ಯಾಕ್ಟ್ ಪಟ್ಟಿಯಿಂದಲೂ ಹೆಸರು ಎತ್ತಿಕೊಳ್ಳುತ್ತವೆ. ನಿಮ್ಮ ಅನುಕೂಲಕ್ಕೆ ಬರೆದುಕೊಂಡ ಆ ಎರಡಕ್ಷರ ನಾಳೆ ಅವಳು ಮಗನ ಸ್ಕೂಲಿಗೆ ಫೋನ್ ಮಾಡಿದಾಗ ಟೀಚರ್ ಸ್ಕ್ರೀನ್ ಮೇಲೆ ಮೂಡಬಹುದು.

ಫೋಟೋ ಹಾಕುವ ಮೊದಲು ಕೇಳಿ, ಪ್ರತಿ ಸಲವೂ ಕೇಳಿ. ಹೋದ ವರ್ಷ ಸರಿ ಅಂದಿದ್ದು ಈ ವರ್ಷಕ್ಕೆ ನಡೆಯುವುದಿಲ್ಲ. ಟ್ಯಾಗ್ ಮಾಡಬೇಡಿ, ಲೊಕೇಶನ್ ಹಾಕಬೇಡಿ. ಎಷ್ಟೋ ಜನ ಕೆಲಸಕ್ಕೆ ಒಂದು ಹೆಸರು, ಮನೆಗೆ ಒಂದು ಹೆಸರು ಇಟ್ಟುಕೊಂಡಿರುತ್ತಾರೆ. ನಿಮಗೆ ಎರಡೂ ಗೊತ್ತಿರುತ್ತದೆ. ಬಾರ್ ಮುಂದೆ ಸಿಕ್ಕಾಗ ಸ್ಕೂಲಿನ ಹೆಸರು ಹಿಡಿದು ಕೂಗಬೇಡಿ, ಊರ ಜಾತ್ರೆಯಲ್ಲಿ ಸಿಕ್ಕಾಗ ಬಾರ್ ಹೆಸರು ಬಾಯಿಗೆ ಬರಬಾರದು. ಆಕಸ್ಮಿಕವಾಗಿ ಎದುರಾದರೆ ಮೊದಲು ಗುರುತು ತೋರಿಸುವ ಹಕ್ಕು ಅವರದ್ದು. ಅವರು ಕಣ್ಣು ತಪ್ಪಿಸಿ ಹೋದರೆ ನೀವೂ ಹೋಗಿ, ಆಮೇಲೆ ಮೆಸೇಜ್ ಮಾಡಿ ನಕ್ಕರಾಯ್ತು.

ಕೇಳಿದವರಿಗೆ ಏನು ಹೇಳಬೇಕು

ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. "ಯಾರಾದ್ರೂ ನಿನ್ನ ಕೆಲಸ ಏನು ಅಂತ ಕೇಳಿದ್ರೆ ನಾನೇನು ಹೇಳ್ಲಿ?" ಅಂತ ಅವರನ್ನೇ ಕೇಳಿ. ಅವರ ಹತ್ತಿರ ಒಂದು ಉತ್ತರ ಆಗಲೇ ಇರುತ್ತದೆ, ಎಷ್ಟೋ ವರ್ಷದಿಂದ ಅಮ್ಮನಿಗೆ, ಮನೆ ಓನರ್‌ಗೆ, ಮಕ್ಕಳ ಸ್ಕೂಲಿಗೆ ಹೇಳಿ ಹೇಳಿ ಪಳಗಿದ ಉತ್ತರ. "ಹೋಟೆಲ್ ಲೈನ್", "ಈವೆಂಟ್‌ನಲ್ಲಿ ಹಾಡ್ತೀನಿ", "ಆಸ್ಪತ್ರೆಯಲ್ಲಿ ಕೆಲಸ". ನೀವೂ ಅದನ್ನೇ ಹೇಳಿ. ಅದರ ಮೇಲೆ ಕಸೂತಿ ಹಾಕಬೇಡಿ. ಯಾವ ಹೋಟೆಲ್, ಎಷ್ಟು ಸಂಬಳ ಅಂತ ನೀವು ಕಟ್ಟಿದ ಕಥೆ ಮುಂದಿನ ಸಲ ಅವರು ಹೇಳುವುದಕ್ಕೆ ತಾಳೆಯಾಗುವುದಿಲ್ಲ, ಸಿಕ್ಕಿಬೀಳುವವರು ಅವರು.

ಗೊತ್ತಿದ್ದೂ ಕೆಣಕುವವರು ಬೇರೆ ಥರ. "ಅವಳ ಜೊತೆ ಯಾಕೆ ಓಡಾಡ್ತೀಯಾ, ನಿನಗೂ ಅದೇ ಹೆಸರು ಬರುತ್ತೆ" ಅಂದರೆ ವಾದಕ್ಕೆ ಇಳಿಯಬೇಡಿ, ಅವಳ ಪರವಾಗಿ ಅವಳ ಕಷ್ಟದ ಕಥೆಯನ್ನಂತೂ ಹೇಳಲೇಬೇಡಿ. ಗಂಡ ಬಿಟ್ಟ, ಅಪ್ಪನಿಗೆ ಕಾಯಿಲೆ, ಸಾಲ ಇತ್ತು ಅಂತ ಕರುಣೆ ಹುಟ್ಟಿಸಲು ಹೋಗಿ ಅವಳ ಮನೆಯ ಇಡೀ ಚರಿತ್ರೆಯನ್ನು ಬೀದಿಗೆ ಸುರಿಯುವವರು ನಮ್ಮಂಥ ಸ್ನೇಹಿತರೇ. "ಅವಳು ನನ್ನ ಫ್ರೆಂಡು, ಅವಳ ವಿಷಯ ನಾನು ಮಾತಾಡಲ್ಲ" ಅಂತ ಹೇಳಿ ಸುಮ್ಮನಾಗಿ. ಎರಡು ಸಲ ಇದೇ ಉತ್ತರ ಸಿಕ್ಕಿದರೆ ಮೂರನೇ ಸಲ ಯಾರೂ ಕೇಳುವುದಿಲ್ಲ, ಕೇಳಿದರೆ ಸ್ವಾರಸ್ಯ ಇಲ್ಲ ಅಂತ ಗೊತ್ತಾಗಿರುತ್ತದೆ. ಬಸವ ಜಯಂತಿಗೆ ಭಾಷಣ ಮಾಡುವ ಮಾವ ಇದ್ದರೆ ಮಾತ್ರ ಒಂದು ಸಣ್ಣ ತರಲೆ ಮಾಡಬಹುದು. ನಿರ್ಲಜ್ಜೇಶ್ವರ ಅನ್ನುವ ಅಂಕಿತದಲ್ಲಿ ವಚನ ಬರೆದ ಸಂಕವ್ವೆ ಯಾವ ಕೆಲಸದವಳು ಅಂತ ಕೇಳಿ. ದಂಧೆಯಲ್ಲಿದ್ದು, ಹನ್ನೆರಡನೇ ಶತಮಾನದಲ್ಲಿ ಶರಣರ ಸಾಲಿನಲ್ಲಿ ಕೂತವಳು ಅವಳು.

ಮದುವೆ ಮಾತುಕತೆಯ ಹೊತ್ತು ಎಲ್ಲಕ್ಕಿಂತ ಸೂಕ್ಷ್ಮ. ಹುಡುಗನ ಕಡೆಯವರು ಬೀದಿ ಕೊನೆಯ ಅಂಗಡಿಯಲ್ಲಿ, ಹಳೇ ಮನೆಯ ಪಕ್ಕದವರಲ್ಲಿ ವಿಚಾರಿಸುತ್ತಾರೆ, ಅಲ್ಲಿ ಏನು ಹೇಳುತ್ತಾರೋ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಮದುವೆಯಾಗುವ ವ್ಯಕ್ತಿಗೆ ಮೊದಲೇ ಹೇಳುವುದು. ಅದೂ ಗೆಳತಿಯ ಒಪ್ಪಿಗೆ ತೆಗೆದುಕೊಂಡು, ಅವಳು ಎಷ್ಟು ಹೇಳು ಅಂದಳೋ ಅಷ್ಟು. ಒಪ್ಪದಿದ್ದರೆ "ನನಗೊಬ್ಬಳು ಹಳೇ ಗೆಳತಿ ಇದ್ದಾಳೆ, ಅವಳ ಕೆಲಸದ ಬಗ್ಗೆ ಜನ ಹಗುರವಾಗಿ ಮಾತಾಡ್ತಾರೆ, ಆ ಸ್ನೇಹ ನಾನು ಬಿಡಲ್ಲ" ಅನ್ನುವಷ್ಟು ಸಾಕು. ಈ ಒಂದು ವಾಕ್ಯಕ್ಕೆ ಆ ಕಡೆಯಿಂದ ಬರುವ ಉತ್ತರದಿಂದ ನಿಮಗೆ ಜಾತಕಕ್ಕಿಂತ ಜಾಸ್ತಿ ವಿಷಯ ಗೊತ್ತಾಗುತ್ತದೆ. ಇಡೀ ಕುಟುಂಬಕ್ಕೆ ಹೇಳುವ ಅಗತ್ಯ ಇಲ್ಲ. ನಿಮ್ಮ ಮನೆಯಲ್ಲಿ ಒಬ್ಬರನ್ನು, ಅತ್ತಿಗೆಯೋ ಚಿಕ್ಕಮ್ಮನೋ, ಮೊದಲೇ ನಿಮ್ಮ ಕಡೆ ಮಾಡಿಕೊಂಡಿರಿ, ಮಾತು ಎದ್ದ ದಿನ ಕೋಣೆಯಲ್ಲಿ ನಿಮ್ಮ ಪರ ಒಂದು ದನಿ ಇರುತ್ತದೆ.

ರೇಡು, ಬ್ಲ್ಯಾಕ್‌ಮೇಲು

ಕೆಲಸದ ಜಾಗಕ್ಕೆ ಭೇಟಿಯಾಗಲು ಹೋಗಬೇಡಿ. ಅವರ ಮನೆ, ನಿಮ್ಮ ಮನೆ, ದರ್ಶಿನಿ, ಪಾರ್ಕು ಎಲ್ಲ ಇವೆ. ಒಂದು ವೇಳೆ ನೀವಿದ್ದಾಗಲೇ ಪೊಲೀಸರು ಬಂದರೆ ಓಡಬೇಡಿ. ಹೆಸರು, ವಿಳಾಸ ಹೇಳಿ, ಯಾಕೆ ಬಂದಿದ್ದಿರಿ ಅಂತ ಒಂದೇ ವಾಕ್ಯದಲ್ಲಿ ಹೇಳಿ, ಓದದೆ ಸಹಿ ಹಾಕಬೇಡಿ. ತೀರಾ ವಿಶೇಷ ಸಂದರ್ಭ, ಅದೂ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವ ಹಾಗಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಕಾನೂನು ಸೇವಾ ಪ್ರಾಧಿಕಾರದ ನಂಬರ್ 15100. ಗಂಡಸರಿಗೆ ಒಂದು ಮಾತು: ಇಂಥ ಕಡೆ ಸಿಕ್ಕ ಗಿರಾಕಿಗಳ ಮೇಲಿನ ಕೇಸುಗಳನ್ನು ಕರ್ನಾಟಕ ಹೈಕೋರ್ಟ್ ಎಷ್ಟೋ ಸಲ ರದ್ದು ಮಾಡಿದೆ. ಆದರೆ ಹೈಕೋರ್ಟ್ ತನಕ ಹೋಗುವಷ್ಟರಲ್ಲಿ ಹಣವೂ ನಿದ್ದೆಯೂ ಹೋಗಿರುತ್ತದೆ. ಟಿವಿಯವರು ಕ್ಯಾಮೆರಾ ಹಿಡಿದುಕೊಂಡು ಬಂದರೆ ನಿಮ್ಮ ಮುಖ ಮುಚ್ಚಿಕೊಳ್ಳುವ ಮೊದಲು ಅವಳದ್ದನ್ನು ಮುಚ್ಚಿ. ರೇಡಿನಲ್ಲಿ ಸಿಕ್ಕ ಹೆಂಗಸರ ಗುರುತು ಬಯಲು ಮಾಡಬಾರದು ಅಂತ 2022ರ ಅದೇ ಆದೇಶ ಮಾಧ್ಯಮಗಳಿಗೂ ಹೇಳಿದೆ.

ಬ್ಲ್ಯಾಕ್‌ಮೇಲ್ ರೇಡಿಗಿಂತ ಸಾಮಾನ್ಯ. "ನಿಮ್ಮ ಮನೆಗೆ ಬರ್ತಾಳಲ್ಲ ಅವಳ ಫೋಟೋ ನನ್ನ ಹತ್ತಿರ ಇದೆ, ನಿಮ್ಮ ಯಜಮಾನರಿಗೆ ಕಳಿಸ್ಲಾ" ಅಂತ ಮೆಸೇಜ್ ಬರುತ್ತದೆ. ಒಂದು ರೂಪಾಯಿ ಕೂಡ ಕೊಡಬೇಡಿ. ಒಮ್ಮೆ ಕೊಟ್ಟರೆ ಅದು ತಿಂಗಳ ಕಂತು. ಮೆಸೇಜ್ ಡಿಲೀಟ್ ಮಾಡದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅವನು ಯಾರಿಗೆ ಹೇಳುತ್ತೇನೆ ಅಂತ ಹೆದರಿಸುತ್ತಿದ್ದಾನೋ ಅವರಿಗೆ ನೀವೇ ಮೊದಲು ಹೇಳಿಬಿಡಿ. ಬೆದರಿಸಿ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಲ್ಲಿ ಸುಲಿಗೆ, ಖಾಸಗಿ ಚಿತ್ರ ಹಂಚುವುದು ಐಟಿ ಕಾಯ್ದೆಯಲ್ಲೂ ಅಪರಾಧ. ದೂರು ಕೊಡುವ ಮೊದಲು ಮಾತ್ರ ಗೆಳತಿಯನ್ನು ಕೇಳಿ. ಸ್ಟೇಷನ್ನಿನಲ್ಲಿ ಅವಳ ಹೆಸರು ಬರುತ್ತದೆ, ಆ ಬೆಲೆ ತೆರಬೇಕೋ ಬೇಡವೋ ಅನ್ನುವ ತೀರ್ಮಾನ ಅವಳದ್ದು.

ಎಲ್ಲಿ ನಿಲ್ಲಬೇಕು

ಕೆಲಸ ಯಾವುದೇ ಇರಲಿ, ಕೆಲವು ಕಡೆ ಸ್ನೇಹದ ಲೆಕ್ಕ ಮುಗಿಯುತ್ತದೆ. ನಿಮ್ಮನ್ನೇ ಅಥವಾ ನಿಮ್ಮ ಪರಿಚಯದ ಹುಡುಗಿಯರನ್ನು ಕೆಲಸಕ್ಕೆ ಕರೆತಾ ಅಂದರೆ ನಿಲ್ಲಿ. 18 ವರ್ಷ ತುಂಬದವರು ಅಲ್ಲಿದ್ದಾರೆ ಅಂತ ಗೊತ್ತಾದರೆ ಮಾನ ಮರ್ಯಾದೆಯ ಮಾತೇ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098, ಪೊಲೀಸ್ 112. ಅದು ಸ್ನೇಹದ್ರೋಹ ಆಗುತ್ತೇನೋ ಅಂತ ಯೋಚಿಸುತ್ತಾ ಒಂದು ರಾತ್ರಿ ಕೂಡ ಕಳೆಯಬೇಡಿ. ಸಾಲಕ್ಕೆ ಜಾಮೀನು ಸಹಿ, ಚೀಟಿ ವ್ಯವಹಾರ, ನಿಮ್ಮ ಹೆಸರಿನ ಸಿಮ್, ಇವಕ್ಕೆ ಇಲ್ಲ ಅನ್ನಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯ ಕೇಳಿದರೂ ಇಲ್ಲ ಅನ್ನಬೇಕಾದವೇ ಇವು.

ಸ್ನೇಹ ಕಡಿಮೆ ಮಾಡಿಕೊಳ್ಳಲೇಬೇಕಾದ ಹೊತ್ತೂ ಬರಬಹುದು. ಹೊಸ ಮನೆ, ಹೊಸ ಸಂಬಂಧ, ನಿಮಗೆ ಅಷ್ಟು ಧೈರ್ಯ ಇಲ್ಲ. ಹಾಗಿದ್ದರೆ ನೇರವಾಗಿ ಹೇಳಿ. ಫೋನ್ ಎತ್ತದೆ, ಮೆಸೇಜ್ ಓದಿಯೂ ಉತ್ತರ ಕೊಡದೆ ದೂರವಾಗುವುದು ಅವರಿಗೆ ಹೊಸದೇನಲ್ಲ, ಎಲ್ಲರೂ ಹಾಗೆಯೇ ಮಾಡಿರುತ್ತಾರೆ. ದೂರವಾದ ಮೇಲೂ ಬಾಯಿ ಮುಚ್ಚಿಕೊಂಡಿರುವ ಹೊಣೆ ಮುಗಿಯುವುದಿಲ್ಲ.

ಮದುವೆಗೆ ಕರೆಯುವುದಾದರೆ

ಕರೆಯಿರಿ. ರಿಸೆಪ್ಷನ್‌ಗೆ ಮಾತ್ರ ಬಾ ಅನ್ನುವ ಜಾಣತನ ಬೇಡ, ಧಾರೆಗೂ ಕರೆಯಿರಿ, ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು. ಮಂಟಪದಲ್ಲಿ ಅವಳನ್ನು ಗುರುತು ಹಿಡಿಯುವ ನೆಂಟರು ಇರಬಹುದಾ? ಇರಬಹುದು. ಆದರೆ ಆ ನೆಂಟನಿಗೆ ಅವಳ ಗುರುತು ಹೇಗೆ ಸಿಕ್ಕಿತು ಅನ್ನುವ ಪ್ರಶ್ನೆ ಅವನ ಹೆಂಡತಿಗೆ ಮೊದಲು ಬರುತ್ತದೆ, ಹಾಗಾಗಿ ಅವನು ಆ ದಿನ ಊಟದ ಹಾಲ್‌ನ ಇನ್ನೊಂದು ಮೂಲೆ ಹಿಡಿದಿರುತ್ತಾನೆ. ತೊಂದರೆ ಬರುವುದು ಎರಡು ಪೆಗ್ ಹಾಕಿ ಬಂದು ಹತ್ತಿರ ಸುಳಿಯುವವನಿಂದ. ಅದಕ್ಕೆ ಅವಳ ಪಕ್ಕ ನಿಮ್ಮ ಗಟ್ಟಿ ಬಾಯಿಯ ಗೆಳತಿಯೊಬ್ಬಳನ್ನು ಕೂರಿಸಿ, ಪಂಕ್ತಿಯಲ್ಲೂ ಜೊತೆಗೇ ಕೂರಲಿ, ವಾಪಸ್ ಹೋಗುವ ಕ್ಯಾಬ್ ಮೊದಲೇ ಹೇಳಿಡಿ. ಈಗ ಎಲ್ಲ ಮದುವೆಯೂ ಯೂಟ್ಯೂಬ್‌ನಲ್ಲಿ ಲೈವ್ ಹೋಗುತ್ತದೆ, ಲಿಂಕ್ ಊರಿಗೆಲ್ಲ ಹಂಚಿರುತ್ತಾರೆ. ಕ್ಯಾಮೆರಾದವರಿಗೆ ಮುಂಚಿನ ದಿನವೇ ಅವಳ ಸೀರೆ ಬಣ್ಣ ಹೇಳಿ, ಕ್ಲೋಸಪ್ ಬೇಡ ಅನ್ನಿ. ಸ್ಟೇಜ್ ಮೇಲೆ ಅವಳ ಜೊತೆ ಫೋಟೋ ಬೇಕಿದ್ದರೆ ನಿಮ್ಮ ಫೋನ್‌ನಲ್ಲೇ ತೆಗೆಸಿಕೊಳ್ಳಿ.